ತೆಂಗಿನ ಸೀಮೆಯ ಮೌಲ್ಯಚಿಂತನ ದಿನಚರಿಗಳು: ಒಂದು ಪಾಠನಿರ್ಣಯ ಪ್ರಯತ್ನ

ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಕಲೆಹಾಕಿ 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವನ್ನು ಹೊರತಂದ ರೈಸ್ ಸಾಹೇಬರ ಕಣ್ಣಿಗೆ, ಇದೇ ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ವರ್ಷವರ್ಷವೂ ಹುಟ್ಟಿ, ಕಂದು ಕಾಗದದ ಹೊದಿಕೆ ತೊಟ್ಟು, ಮೊಹರು ಒತ್ತಿಸಿಕೊಂಡು ಬೀರು ಸೇರುವ ಒಂದು ವಿಶಿಷ್ಟ ವಾಙ್ಮಯವು ಬೀಳದೆ ಹೋದುದು ಕಾಲದೋಷವೇ ಹೊರತು ಆ ಮಹನೀಯರ ದೋಷವಲ್ಲ. ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದ ಕಾಲದಲ್ಲಿ ‘ಶಿಕ್ಷಣದಲ್ಲಿ ಮೂಲಮೌಲ್ಯಗಳು’ ಎಂಬ ವಿಷಯವಾಗಿ ಬರೆದೊಪ್ಪಿಸುವ ಚಿಂತನ ದಿನಚರಿಯೇ ಆ ವಾಙ್ಮಯ. ಇದರ ಶುದ್ಧಪಾಠವನ್ನು ನಿರ್ಣಯಿಸುವ ಗೋಜಿಗೆ ಈವರೆಗೆ ಯಾರೂ ಹೋಗದಿರುವುದರಿಂದ, ಅಲ್ಪಜ್ಞರಾದರೂ ನಾವೇ ಆ ಭಾರಕ್ಕೆ ಹೆಗಲು ಕೊಟ್ಟಿದ್ದೇವೆ.

ಈ ಸಾಹಿತ್ಯದ ಉಗಮವು ದಿಲ್ಲಿಯಲ್ಲಿ. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ, 1964–66ರ ಕೊಠಾರಿ ಆಯೋಗ, 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಇವೆಲ್ಲವುಗಳ ಶಿಖರಗಳಿಂದ ಧುಮ್ಮಿಕ್ಕಿದ ಮೌಲ್ಯಪ್ರವಾಹವು, 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳನ್ನೂ ಒಳಗೊಂಡು, ಸಮಸ್ತ ಭರತಖಂಡವನ್ನು ತೋಯಿಸುತ್ತ ಬಂದು, ಕಡೆಗೆ ಪಾಠಯೋಜನೆಯ ಬಲತುದಿಯ ಎರಡು ಬೆರಳಗಲದ ಅಂಕಣದಲ್ಲಿ ತಂಗಿತು. ಅಂಕಣವು ಕಿರಿದಾದುದರಿಂದ ಅಲ್ಲಿ ನೆಲೆಸಬಲ್ಲ ಮೌಲ್ಯಗಳೂ ಅಲ್ಪಾಕ್ಷರಗಳಾಗಿರಬೇಕಾಯಿತು. ‘ಸಹಕಾರ’ ಸುಖವಾಗಿ ಹಿಡಿಯಿತು, ‘ಶಿಸ್ತು’ ಕಾಲು ಚಾಚಿ ಮಲಗಿತು; ‘ಸರ್ವಧರ್ಮಸಮಭಾವ’ವಾದರೋ ನಡುವೆ ಮುರಿದು, ಕೆಳಗಿನ ಸಾಲಿನಲ್ಲಿ ಭಾವನೊಬ್ಬನೇ ನಿಲ್ಲಬೇಕಾಗಿ ಬಂದ ಪ್ರಸಂಗಗಳುಂಟು.

ನಮಗೆ ದೊರೆತ ಪ್ರತಿಗಳನ್ನು ದೊರೆತ ತಾಲ್ಲೂಕಿನ ಮೇರೆಗೆ ತಿ, ತು, ಚಿ ಎಂಬ ಸಂಕೇತಗಳಿಂದ ಕರೆದಿದ್ದೇವೆ. ಮೂರೂ ಭಿನ್ನ ಹಸ್ತಾಕ್ಷರಗಳಲ್ಲಿದ್ದರೂ ‘ಪ್ರಾಮಾಣಿಕತೆ’ ಎಂಬ ಅಧ್ಯಾಯದಲ್ಲಿ ಅಕ್ಷರಶಃ ಒಂದೇ ಆಗಿರುವುದನ್ನು ಕಂಡು ನಮಗುಂಟಾದ ರೋಮಾಂಚನವು ವರ್ಣನಾತೀತವಾದುದು. ಅಷ್ಟೇ ಅಲ್ಲ; ಮೂರರಲ್ಲಿಯೂ ಆ ಅಧ್ಯಾಯವು, ಕಡಲ ತಡಿಯ ನಮ್ಮ ಶಾಲೆಯಲ್ಲಿ ಅಲೆಗಳ ಸದ್ದು ಕೇಳುತ್ತ ಪಾಠ ಪ್ರಾರಂಭಿಸಿದೆನೆಂಬ ಮಾತಿನಿಂದಲೇ ಮೊದಲಾಗುತ್ತದೆ. ಘಟ್ಟದ ಮೇಲಣ ಈ ಬಯಲುಸೀಮೆಗೆ ಕಡಲು ಬಂದ ಬಗೆ ಹೇಗೆ? ತುರುವೇಕೆರೆ, ನೊಣವಿನಕೆರೆಗಳೆಂದು ಊರ ಹೆಸರಿನಲ್ಲಿಯೇ ಕೆರೆಗಳಿರುವ ನಾಡಾದುದರಿಂದ, ಒಳ್ಳೆಯ ಮಳೆಗಾಲದಲ್ಲಿ ಕೋಡಿ ಬಿದ್ದ ಕೆರೆಯನ್ನೇ ಗ್ರಂಥಕರ್ತೃಗಳು ಲಕ್ಷಣಾವೃತ್ತಿಯಿಂದ ಕಡಲೆಂದಿರಬಹುದೆಂಬುದು ನಮ್ಮ ಮತ. ಕರಾವಳಿಯ ಯಾವನೋ ಪ್ರಶಿಕ್ಷಣಾರ್ಥಿಯ ಹಳೆಯ ದಿನಚರಿಯು ಕೈಯಿಂದ ಕೈಗೆ ದಾಟಿ ಇಲ್ಲಿಯವರೆಗೂ ಬಂದು, ಹಿಂದುಮುಂದು ನೋಡದೆ ನಕಲಾಗಿರಬೇಕೆಂದು ಕೆಲವರು ಪಿಸುಗುಟ್ಟುವುದುಂಟು; ಪ್ರಾಮಾಣಿಕತೆಯನ್ನು ಕುರಿತು ಇಷ್ಟು ಮನಮುಟ್ಟುವಂತೆ ಬರೆದವರನ್ನು ಹಾಗೆ ಶಂಕಿಸುವುದು ಸಜ್ಜನರಿಗೆ ತಕ್ಕುದಲ್ಲ.

ಇನ್ನು ಮೌಲ್ಯನಿಷ್ಪತ್ತಿಯ ಕ್ರಮ. ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ (1953) ರಸಸೂತ್ರವನ್ನು ಕನ್ನಡಿಗರಿಗೆ ತಿಳಿಯಾಗಿ ಬಿಡಿಸಿಕೊಟ್ಟ ತೀ.ನಂ.ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರೇ ಆಗಿರುವಾಗ ನಾವು ಪರದೇಶಗಳ ಸಿದ್ಧಾಂತಕ್ಕೆ ಮೊರೆಹೋಗಬೇಕಾದುದಿಲ್ಲ. ತರಗತಿಯ ಮಗುವೇ ಆಲಂಬನ ವಿಭಾವ. ಮೇಲ್ವಿಚಾರಕರ ಮೋಟಾರ್ ಸೈಕಲ್ಲು ಗೇಟಿನ ಬಳಿ ನಿಂತ ಸದ್ದು ಉದ್ದೀಪನ. ಕೈಯ ಸೀಮೆಸುಣ್ಣ ಮುರಿಯುವುದು, ಬೆವರುವುದು, ದನಿ ಏರುವುದು ಅನುಭಾವಗಳು. ಇವುಗಳ ಸಂಯೋಗದಿಂದ ಅಂಕಣದಲ್ಲಿ ಮೌಲ್ಯನಿಷ್ಪತ್ತಿ. ಆದರೂ ಕ್ರಾಥ್‌ವೋಲ್ ಮೊದಲಾದ ಅಮೆರಿಕದ ಪಂಡಿತರು 1964ರಲ್ಲಿ ಕಟ್ಟಿಕೊಟ್ಟ ಭಾವವಲಯದ ಐದು ಮೆಟ್ಟಿಲುಗಳನ್ನು, ಗ್ರಹಿಕೆಯಿಂದ ಹಿಡಿದು ಚಾರಿತ್ರ್ಯದವರೆಗೆ, ಮೂರನೆಯ ತರಗತಿಯ ಮಗುವು 40 ನಿಮಿಷಗಳಲ್ಲಿ ಏರಿ ಗಂಟೆ ಬಾರಿಸುವ ಮುನ್ನ ಇಳಿದೂ ಬಂದ ವೃತ್ತಾಂತವು ಮೂರು ಪ್ರತಿಗಳಲ್ಲಿಯೂ ಸಿಕ್ಕುತ್ತದೆ. ಇದೇ ಊರುಗಳ ರೈತರು ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಣ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಬಳಿ ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ 8ರಿಂದ 12 ತಿಂಗಳು ಕಾಯುತ್ತಾರೆ. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿಯಲ್ಲ, ಬರಿಯ ಹಸಿಗಾಯಿ. ಪಾಠಯೋಜನೆಯನ್ನು ಅರಿಯದ ಜನರ ಈ ವಿಳಂಬವು ಶೋಚನೀಯವೆಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಈಗ ವಿವಾದಾಸ್ಪದವಾದ ಒಂದು ಪಾಠ. ದಾರಿಯಲ್ಲಿ ಬಿದ್ದ ತೆಂಗಿನಕಾಯಿ ಸಿಕ್ಕಿದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ, ಮಕ್ಕಳೆಲ್ಲರೂ ಒಕ್ಕೊರಲಿನಿಂದ ‘ಒಡೆಯರಿಗೆ ಹಿಂದಿರುಗಿಸುತ್ತೇವೆ’ ಎಂದರೆಂದೂ, ತನ್ಮೂಲಕ ಪ್ರಾಮಾಣಿಕತೆಯು ಸಾಧಿತವಾಯಿತೆಂದೂ ಎಲ್ಲ ಪ್ರತಿಗಳೂ ಸಾರುತ್ತವೆ. ಆದರೆ ತು-ಪ್ರತಿಯ ಅಂಚಿನಲ್ಲಿ ಮಾತ್ರ, ಪೆನ್ಸಿಲಿನಿಂದ, ಓರೆಯಾಗಿ, ಹೀಗೊಂದು ಟಿಪ್ಪಣಿಯಿದೆ:

“ಕೊನೇ ಸಾಲಿನ ಹುಡುಗಿ ಕೈಯೆತ್ತಿ ಕೇಳಿದಳು: ‘ಮಿಸ್, ಬೇಲಿ ಒಳಗ್ ಬಿದ್ದಿತ್ತಾ, ದಾರೀಲಾ? ಇಲಿ ಕಡ್ದು ಬೀಳ್ಸಿದ್ದಾ, ತಾನಾಗ್ ಬಿದ್ದಿದ್ದಾ?’ ಎಲ್ಲಾ ಒಂದೇ ಅಲ್ಲವೇನಮ್ಮ ಎಂದೆ. ‘ನಮ್ಮವ್ವ ಕೊಬ್ಬರಿ ಕೆಲ್ಸಕ್ ಹೋಗ್ತೈತೆ ಮಿಸ್. ಒಲೆಗೆ ಚಿಪ್ಪು ತರ್ತೈತೆ, ಅದುಕ್ಕೆ ಅವ್ರು ಏನೂ ಅನ್ನಲ್ಲ. ಕೊಬ್ಬರಿ ತರಲ್ಲ. ಒಡ್ದೋಗಿದ್ದ ಅವ್ರೇ ಕೊಟ್ರೆ ತರ್ತೈತೆ, ಕೇಳಲ್ಲ. ನಂಗೂ ಕೇಳ್ಬ್ಯಾಡ ಅಂದೈತೆ.’ ಬೋರ್ಡಿನ ಮೇಲೆ ಪ್ರಾಮಾಣಿಕತೆ ಎಂದು ಬರೆದಿದ್ದೆ. ಅಳಿಸಿ, ಚಿಪ್ಪಿಗೂ ಕೊಬ್ಬರಿಗೂ ಏನು ವ್ಯತ್ಯಾಸ, ನೀನೇ ಎಲ್ಲರಿಗೂ ಹೇಳು ಅಂದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.”

ಈ ಭಾಗವು ಪ್ರಕ್ಷಿಪ್ತವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಮೊದಲನೆಯದಾಗಿ, ತಿ ಚಿ ಪ್ರತಿಗಳಲ್ಲಿ ಇದಿಲ್ಲ. ಮೂಲದಲ್ಲಿಯೇ ಇದ್ದಿದ್ದರೆ ಅಷ್ಟು ನಿಷ್ಠರಾದ ಲಿಪಿಕಾರರು ಬಿಡುತ್ತಿದ್ದರೆ? ಶೈಲಿಯು ಗ್ರಾಮ್ಯ. ಮೌಲ್ಯದ ಹೆಸರನ್ನು ಅಳಿಸಿದೆನೆಂದು ಶಿಕ್ಷಕಿಯೇ ಹೇಳಿಕೊಳ್ಳುವುದು ಶಾಸ್ತ್ರವಿರುದ್ಧ. ಮೇಲಾಗಿ ಇದರಲ್ಲಿ ಕಡಲಿನ ಸುಳಿವೇ ಇಲ್ಲ. ನಮಗಿಂತ ಮೊದಲೇ ಈ ಪ್ರತಿಯನ್ನು ಪರಿಶೀಲಿಸಿದ ಅಜ್ಞಾತ ವಿದ್ವಾಂಸರೊಬ್ಬರೂ ಇದೇ ನಿರ್ಣಯಕ್ಕೆ ಬಂದಿದ್ದರೆಂಬುದಕ್ಕೆ, ಟಿಪ್ಪಣಿಯ ಸುತ್ತ ಕೆಂಪು ಶಾಯಿಯಲ್ಲಿ ಎಳೆದ ವೃತ್ತವೂ, ಅದರ ಪಕ್ಕದ ‘ಅಂಕಣದ ಹೊರಗೆ ಬರೆಯಕೂಡದು. ಅರ್ಧ ಅಂಕ ಕಡಿತ’ ಎಂಬ ಷರಾ ಕೂಡ ಸಾಕ್ಷಿಯಾಗಿವೆ. ಅವರ ಅಭಿಪ್ರಾಯವನ್ನು ಶಿರಸಾವಹಿಸಿ, ಮುಂದಿನ ತಂಡದವರ ಉಪಯೋಗಕ್ಕಾಗಿ ನಾವು ಸಿದ್ಧಪಡಿಸುತ್ತಿರುವ ಪರಿಷ್ಕೃತ ಆವೃತ್ತಿಯಲ್ಲಿ ಕಡಲನ್ನು ಉಳಿಸಿಕೊಂಡು ಹುಡುಗಿಯನ್ನು ಕೈಬಿಟ್ಟಿದ್ದೇವೆ.