ಬರ ಪರಿಹಾರ: ಬಳಸುವ ಮುನ್ನ ಓದಿರಿ

ನಿಮ್ಮ ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಗಿದ್ದರೆ ಮಾತ್ರ ಮುಂದೆ ಓದಿ. ಹೊಲ ಒಣಗಿದ ಮಾತ್ರಕ್ಕೆ ಅದು ಬರವಲ್ಲ; ಬರಕ್ಕೂ ಪರೀಕ್ಷೆಯಿದೆ. ಮಳೆ ಕೊರತೆ, ಬಿತ್ತನೆ, ಮಣ್ಣಿನ ತೇವ, ಉಪಗ್ರಹದ ಚಿತ್ರ ಎಲ್ಲ ತಾಳೆಯಾಗಿ, ಆಯ್ದ ಊರುಗಳ ಹೊಲಕ್ಕಿಳಿದು ನೋಡಿ ಬಂದ ಮೇಲೆ ಅದು ಪಾಸು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಪಾಸಾದವು. ನಮ್ಮೂರ ಹೈಸ್ಕೂಲು ಇಂಥ ಫಲಿತಾಂಶ ಕಂಡಿಲ್ಲ.

ಬೇಕಾಗುವ ಬಿಡಿಭಾಗಗಳು: ಪಹಣಿ, ಆಧಾರ್, ಪಾಸ್‌ಬುಕ್, ಎಫ್‌ಐಡಿ ಎಂಬ ರೈತರ ಗುರುತಿನ ನಂಬರು. ಎಲ್ಲದರಲ್ಲೂ ಹೆಸರು ಒಂದೇ ಇರತಕ್ಕದ್ದು. ಪಹಣಿಯಲ್ಲಿ ಹೆಸರಿನ ಬಾಲಕ್ಕೆ ‘ಅಪ್ಪ’ ಇದ್ದು ಆಧಾರಿನಲ್ಲಿ ‘ಅಯ್ಯ’ ಆಗಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಇಬ್ಬರು. ದುಡ್ಡು ಮಾತ್ರ ಒಬ್ಬರಿಗೂ ಇಲ್ಲ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಅದರ ಕೈಪಿಡಿ ಬೇರೆ, ಇದಕ್ಕಿಂತ ದಪ್ಪ.

ಇನ್ನು ಬೆಳೆ. ಹಾನಿ ಕನಿಷ್ಠ ಶೇ 33 ಇರಬೇಕು. ಶೇ 32ಕ್ಕೇ ನಿಂತ ರಾಗಿಗೆ ಇನ್ನೊಂಚೂರು ಒಣಗಲು ತಿಳಿಹೇಳಿ. ಬೆಳೆ ಸಮೀಕ್ಷೆಯ ಆ್ಯಪಿಗೆ ಬೇಕಾದ ಫೋಟೋವನ್ನು ನಿಮ್ಮ ಸರ್ವೆ ನಂಬರಿನೊಳಗೆ ನಿಂತೇ ತೆಗೆಯಿರಿ. ಸಿಗ್ನಲ್ ಸಿಗುವುದು ಪಕ್ಕದವರ ಬದುವಿನ ಮೇಲೆ, ನಿಜ. ಆದರೆ ಅಲ್ಲಿ ನಿಂತರೆ ಆ್ಯಪು ನಿಮ್ಮನ್ನು ಒಪ್ಪುವುದಿಲ್ಲ.

ಎಚ್ಚರಿಕೆ: ನೋಡಲು ಬರುವವರು ಬಂದು ಹೋಗುವ ತನಕ ಒಣಗಿದ ಪೈರನ್ನು ಕುಯ್ಯಬೇಡಿ, ಅದೇ ಸಾಕ್ಷಿ. ಈ ಸೂಚನೆಯನ್ನು ಹಸುವಿಗೂ ಓದಿ ಹೇಳುವುದು. ನಾನು ಹೇಳಿ ನೋಡಿದೆ. ಮೊಣಕಾಲುದ್ದದ ರಾಗಿ, ತೆನೆ ಮುಷ್ಟಿ ಕಟ್ಟುವ ಮೊದಲೇ ಬಿಳಿಚಿಕೊಂಡು ನಿಂತಿತ್ತು. ಕೊಟ್ಟಿಗೆಯಲ್ಲಿ ಒಂದೆಳೆ ಹುಲ್ಲಿರಲಿಲ್ಲ. ಮೂರು ದಿನ ಕಾದೆವು. ನಾಲ್ಕನೆಯ ದಿನ ಅವ್ವ ಕುಡುಗೋಲು ಹಿಡಿದು ಹೊರಟಳು. ಫೋಟೋ ಇನ್ನೂ ಹತ್ತಿಲ್ಲ ಕಣವ್ವ ಅಂದೆ. “ನಿನ್ ಫೋಟೋ ಹಸ ತಿಂತದೇನ್ಲಾ?” ಅಂದಳು. ನನ್ನ ಸಾಕ್ಷಿಯನ್ನು ಹಸು ಎರಡು ವಾರ ಮೆಲುಕು ಹಾಕಿತು.

ಲೆಕ್ಕ: 2023ರ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. ಹೆಕ್ಟೇರು ನಮ್ಮ ಬಾಯಲ್ಲಿ ಬರುವ ಅಳತೆಯಲ್ಲ; ಬಿಡಿಸಿದರೆ ಗುಂಟೆಗೆ ಸುಮಾರು 86 ರೂಪಾಯಿ. ಎರಡು ಹೆಕ್ಟೇರಿಗೆ, ಅಂದರೆ ಐದೆಕರೆಗೆ ಎರಡು ಗುಂಟೆ ಕಮ್ಮಿ ಇರುವಲ್ಲಿಗೆ, ಪರಿಹಾರ ನಿಲ್ಲುತ್ತದೆ. ಬರ ಹಾಗೆ ಬದು ನೋಡಿ ನಿಲ್ಲುವುದಿಲ್ಲ.

ಆಮೇಲೆ ಕಾಯಿರಿ. ಆ ಸಲ ಮೊದಲು ರಾಜ್ಯ ಸರ್ಕಾರ ತಲಾ 2,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ರೈತರ ಖಾತೆಗೆ ಇಳಿದ ಹಣವನ್ನು ಕೆಲವು ಬ್ಯಾಂಕುಗಳು ಹಳೆಯ ಸಾಲಕ್ಕೆ ಮುರಿದುಕೊಂಡವು. ಹಾಗೆ ಮಾಡಕೂಡದೆಂದು ಸರ್ಕಾರವೇ ಹೇಳಬೇಕಾಯಿತು. ಆದ್ದರಿಂದ ಮೊಬೈಲಿನಲ್ಲಿ ಮೆಸೇಜು ಬಂದ ಕೂಡಲೇ ಕುಣಿಯಬೇಡಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ, ಕೊನೆಯ ಸಾಲು ನೋಡಿ, ಆಮೇಲೆ ನಿರ್ಧರಿಸಿ.

ಬಳಕೆಯ ನಂತರ ಈ ಕೈಪಿಡಿಯನ್ನು ಎಸೆಯಬೇಡಿ. ಮುಂದಿನ ವರ್ಷ ಮಳೆ ಹೆಚ್ಚಾಗಿ ಪೈರು ಕೊಳೆತರೂ ದಾಖಲೆಗಳು ಇವೇ. ‘ಒಣಗಿದ’ ಎಂದಿರುವ ಕಡೆಯೆಲ್ಲ ‘ಕೊಳೆತ’ ಎಂದು ತಿದ್ದಿಕೊಳ್ಳಿ. ಹಸುವಿನ ಭಾಗ ಮಾತ್ರ ಬಿಟ್ಟುಬಿಡಿ, ಕೊಳೆತದ್ದನ್ನು ಅದು ಮುಟ್ಟುವುದಿಲ್ಲ.