ಜೇಬಿಗೆ ಹಿಡಿಯುವ ಕ್ಯಾಮೆರಾ

ಜೇಬಿಗೆ ಹಿಡಿಯುವ ಪುಟ್ಟ ಕ್ಯಾಮೆರಾ ಒಂದು ಸಾಕು ಎಂದುಕೊಂಡೇ ಹವ್ಯಾಸಿ ಅಂಗಡಿ ಮೆಟ್ಟಿಲು ಹತ್ತುತ್ತಾನೆ. ಕಾಫಿ ಆರುವುದರೊಳಗೆ ಅವನಿಗೆ ಚಂದ್ರನ ಕುಳಿಗಳೂ ಬೇಕಾಗಿರುತ್ತವೆ. ನಿಕಾನ್ ಪಿ1000 ಇದೆಯಲ್ಲ, 125 ಪಟ್ಟು ಜೂಮ್! ತೂಕ ಮಾತ್ರ ಸುಮಾರು 1.4 ಕಿಲೋ; ಅದಕ್ಕೆ ಜೇಬಲ್ಲ, ಜೋಳಿಗೆಯನ್ನೇ ಹೊಲಿಸಬೇಕು.

ಇನ್ನು ಮೆಗಾಪಿಕ್ಸೆಲ್. ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಸೇಲ್ಸ್‌ಮನ್ ಆಣೆ ಮಾಡುವುದೊಂದು ಬಾಕಿ. ಆದರೆ 2008ರ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಕೊಟ್ಟ ಕೆನಾನ್ ಕಂಪನಿಯೇ ಮರುವರ್ಷ ಜಿ11ರಲ್ಲಿ ಸದ್ದಿಲ್ಲದೆ 10ಕ್ಕೆ ಇಳಿದಿತ್ತು. ಕಿರುಬೆರಳ ಉಗುರಿನಷ್ಟು ಸೆನ್ಸರಿನಲ್ಲಿ ಅಷ್ಟೊಂದು ಚುಕ್ಕೆ ತುರುಕಿದರೆ, ಮಂದ ಬೆಳಕಿನ ಆರತಕ್ಷತೆಯಲ್ಲಿ ಭಾವನ ಮುಖದ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ.

ಹಾಗಾದರೆ ಸೋನಿ ಆರ್‌ಎಕ್ಸ್100 ತರಹದ ‘ಒಂದು ಇಂಚಿನ’ ಸೆನ್ಸರ್ ಇರಲಿ ಅನ್ನೋಣವೇ? ಸ್ಕೇಲ್ ಇಟ್ಟರೆ ಅಗಲ ಬರೀ 13.2 ಮಿಲಿಮೀಟರ್! ಹಳೆಯ ವಿಡಿಯೊ ಟ್ಯೂಬುಗಳ ಹೊರಮೈ ಅಳತೆ ಇಂದಿಗೂ ಹೀಗೆ ಇಂಚಿನ ಸೋಗು ಹಾಕುತ್ತಿದೆ. ಆದರೂ ಅಗ್ಗದ ಕ್ಯಾಮೆರಾಗಳ ಸೆನ್ಸರಿಗಿಂತ ಇದು ನಾಲ್ಕು ಪಟ್ಟು ದೊಡ್ಡದು. ಬೆಲೆಗಂತೂ ಯಾವ ಸೋಗೂ ಇಲ್ಲ.

ಕೊನೆಗೆ ಹವ್ಯಾಸಿ ಎರಡು ಡಬ್ಬಿಗಳ ವಿವರವನ್ನು ಮನೆಯವರಿಗೆ ತೋರಿಸಲು ಫೋನಿನಲ್ಲೇ ಫೋಟೊ ಹೊಡೆದುಕೊಳ್ಳುತ್ತಾನೆ. ಫೋಟೊ ಚೆನ್ನಾಗಿಯೇ ಬರುತ್ತದೆ.