ಮಹಡಿ ಮನೆ ಖಾಲಿ ಇದೆ

ನೌಕರಿಯಲ್ಲಿದ್ದಷ್ಟು ಕಾಲ ಯಾರನ್ನೂ ಸಂದರ್ಶನ ಮಾಡುವ ಯೋಗ ನನಗೆ ಬರಲಿಲ್ಲ. ಮೇಜಿನ ಆಚೆ ಕೂತವರು ಕೇಳುತ್ತಿದ್ದರು, ಈಚೆ ನಿಂತ ನಾನು ಬೆವರೊರೆಸಿಕೊಂಡು ಉತ್ತರ ಹೇಳುತ್ತಿದ್ದೆ. ಆ ಕೊರತೆಯನ್ನೆಲ್ಲ ನೀಗಿಸಿದ್ದು ನಮ್ಮ ಮಹಡಿ ಮನೆ. ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿದ ಗಳಿಗೆಯಿಂದ ನಾನು ಓನರ್ರು. ವರಾಂಡದ ಬೆತ್ತದ ಕುರ್ಚಿಯೇ ಪೀಠ. ಐಟಿಯವರು, ಮೇಷ್ಟ್ರುಗಳು, ಒಮ್ಮೆ ಒಬ್ಬ ನಿವೃತ್ತ ಅಧಿಕಾರಿ ಕೂಡ ನನ್ನೆದುರು ಕೂತು ತಮ್ಮ ಸಂಬಳ, ಸಂಸಾರ, ಊಟ, ನಿದ್ದೆಗಳ ವಿವರ ಒಪ್ಪಿಸಿದ್ದಾರೆ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನವರೆಲ್ಲ ಮೇಲೊಂದು ಪೋರ್ಷನ್ ಎಬ್ಬಿಸುವುದು ಬರೀ ಬಾಡಿಗೆಯ ಆಸೆಗೆ ಎಂದು ನೀವು ತಿಳಿದಿದ್ದರೆ, ಈ ಸುಖ ನಿಮಗೆ ಗೊತ್ತಿಲ್ಲ ಎಂದಾಯಿತು.

ಒಳ್ಳೆಯ ಬಾಡಿಗೆದಾರನನ್ನು ಪತ್ತೆ ಹಚ್ಚುವ ವಿಷಯದಲ್ಲಿ ಹನುಮಂತನಗರದ ನಮ್ಮ ರಸ್ತೆಯಲ್ಲಿ ಮನೆಗೊಂದು ಸಿದ್ಧಾಂತವಿದೆ. ಎದುರು ಮನೆಯವರದು ಬೋರ್ಡಿನ ಸಿದ್ಧಾಂತ. ಬರಬಾರದವರನ್ನು ಗೇಟಿನಲ್ಲೇ ತಡೆದರೆ ಒಳಗೆ ಕೂರಿಸಿ ಮಾತಾಡುವ ಶ್ರಮ ಉಳಿಯಿತಲ್ಲ! ಮೊದಲು ಅವರ ಬೋರ್ಡಿನಲ್ಲಿ ‘ಫ್ಯಾಮಿಲಿಗೆ ಮಾತ್ರ’ ಎಂದಷ್ಟೇ ಇತ್ತು. ಒಂದೊಂದು ಸಂಸಾರ ಖಾಲಿ ಮಾಡಿಕೊಂಡು ಹೋದಾಗಲೂ ಒಂದೊಂದು ಸಾಲು ಸೇರುತ್ತ ಬಂತು. ‘ನಾಯಿ ಇದ್ದವರು ಕ್ಷಮಿಸಿ.’ ‘ಟ್ಯೂಷನ್ ಮಾಡುವಂತಿಲ್ಲ.’ ‘ಒಂದೇ ಬೈಕ್.’ ಈಚೆಗೆ ‘ಮೃದಂಗ ಬೇಡ’ ಎಂಬುದೂ ಸೇರಿದೆ. ಹಳೆಯ ಶಾಸನ ಓದಬಲ್ಲವರು ಯಾರಾದರೂ ಆ ಬೋರ್ಡಿನ ಮುಂದೆ ನಿಂತರೆ, ಆ ಮಹಡಿಯನ್ನು ಯಾವ ಯಾವ ವಂಶ ಆಳಿತು, ಯಾವ ಕಾರಣಕ್ಕೆ ಪತನವಾಯಿತು ಎಂಬುದನ್ನು ಕ್ರಮವಾಗಿ ಹೇಳಿಬಿಡಬಹುದು.

ಎಷ್ಟು ಬಿಗಿಯಾಗಿ ಬರೆದರೂ ಆಷಾಢ ಬಂತೆಂದರೆ ಮುಗಿಯಿತು. ಆ ತಿಂಗಳು ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ಧನುರ್ಮಾಸದಲ್ಲೂ ಅಷ್ಟೆ, ಪಿತೃಪಕ್ಷದಲ್ಲಂತೂ ಮನೆ ನೋಡುವುದಕ್ಕೂ ಬರುವುದಿಲ್ಲ. ಬೋರ್ಡು ಮಳೆಯಲ್ಲಿ ನೆನೆಯುತ್ತಿರುತ್ತದೆ, ಎದುರು ಮನೆಯವರು ಕಿಟಕಿಯಲ್ಲಿ ಇಣುಕುತ್ತಿರುತ್ತಾರೆ. ಮೊದಲ ವಾರ ಬೈಕಿನ ಸಾಲಿನ ಮೇಲೆ ಸುಣ್ಣ ಬೀಳುತ್ತದೆ. ಆಮೇಲೆ ಟ್ಯೂಷನ್ನಿಗೆ ಪರವಾನಗಿ ಸಿಗುತ್ತದೆ. ಭೀಮನ ಅಮಾವಾಸ್ಯೆಯ ಹೊತ್ತಿಗೆ ‘ಮೃದಂಗ ಎಷ್ಟು ಹೊತ್ತಿಗೆ ನುಡಿಸ್ತೀರಿ? ಬೆಳಿಗ್ಗೆಯಾದ್ರೆ ಪರವಾಗಿಲ್ಲ, ನಮಗೂ ಸಂಗೀತ ಅಂದ್ರೆ ಇಷ್ಟ’ ಎನ್ನುವ ಮಟ್ಟಕ್ಕೆ ಇಳಿದಿರುತ್ತಾರೆ.

ಇಳಿಯುವುದಕ್ಕೆ ಕಾರಣ ಖಾಲಿ ಬಿದ್ದ ತಿಂಗಳ ಬಾಡಿಗೆಯಷ್ಟೇ ಅಲ್ಲ, ಅಡ್ವಾನ್ಸು. ನಮ್ಮೂರಿನ ಹಳೆಯ ಪದ್ಧತಿ ಹತ್ತು ತಿಂಗಳ ಬಾಡಿಗೆಯ ಅಡ್ವಾನ್ಸು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ನಮ್ಮ ರಸ್ತೆಯಲ್ಲಿ ಆ ಮಾತೆತ್ತಿದರೆ ಜನ ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗುತ್ತಾರೆ. ಏಕೆಂದರೆ ಆ ದುಡ್ಡು ಯಾರ ಹತ್ತಿರವೂ ಇಲ್ಲ. ಬಂದ ವಾರವೇ ಅದು ಬೋರ್‌ವೆಲ್ಲಿಗೋ ಮಗಳ ಮದುವೆಯ ಛತ್ರಕ್ಕೋ ಹೋಗಿದೆ. ಹೊರಡುವವನಿಗೆ ವಾಪಸು ಕೊಡಬೇಕಾದರೆ ಬರುವವನಿಂದ ಇಸಿದುಕೊಳ್ಳಬೇಕು. ಹಳಬನ ಸಾಮಾನಿನ ಲಾರಿ ಗೇಟಿನಲ್ಲಿ ನಿಂತಿರುವಾಗ ಹೊಸಬನ ನಡತೆ ವಿಚಾರಿಸುತ್ತ ಕೂರಲು ಯಾರಿಗೆ ಪುರಸೊತ್ತು? ನನ್ನನ್ನು ಕೇಳಿದರೆ, ಬಾಡಿಗೆದಾರರನ್ನು ಚೆನ್ನಾಗಿ ಆರಿಸಬೇಕೆನ್ನುವವರು ಮೊದಲು ಅಡ್ವಾನ್ಸನ್ನು ಮುಟ್ಟದೆ ಬ್ಯಾಂಕಿನಲ್ಲಿಡಲಿ. ಕೈಯಲ್ಲಿ ಹಿಂದಿರುಗಿಸುವ ದುಡ್ಡಿದ್ದವನಿಗೆ ಮಾತ್ರ ‘ಯೋಚನೆ ಮಾಡಿ ಹೇಳ್ತೀನಿ’ ಎನ್ನುವ ಧೈರ್ಯ ಇರುತ್ತದೆ.

ಇನ್ನು ಸಂದರ್ಶನ. ಜಾತಿ ಯಾವುದೆಂದು ಬಾಯಿಬಿಟ್ಟು ಕೇಳುವಷ್ಟು ಒರಟರಲ್ಲ ನಾವು. ‘ಸ್ವಂತ ಊರು ಯಾವುದು?’ ಎಂದು ಶುರು. ಊರು ಹೇಳಿದರೆ ‘ಊರೊಳಗೆ ಯಾವ ಕಡೆ?’ ಆಮೇಲೆ ಮನೆದೇವರು, ಹೆಸರಿನ ಮುಂದಿನ ಇನಿಷಿಯಲ್ಲು, ತಂದೆಯವರ ಕಸುಬು. ಕೊನೆಗೆ ‘ಮೊಟ್ಟೆ ಗಿಟ್ಟೆ ಏನಾದ್ರೂ?’ ಎಂದು ಬಹಳ ಹಗುರವಾಗಿ, ಬೇರೆಲ್ಲೋ ನೋಡುತ್ತ ಕೇಳುವುದು. ಇಷ್ಟು ಸುತ್ತಿ ಬಳಸಿ ತಿಳಿದುಕೊಂಡ ಸಂಗತಿಗಳಲ್ಲಿ ಒಂದಕ್ಕಾದರೂ ಐದನೇ ತಾರೀಖಿಗೆ ಬಾಡಿಗೆ ಬರುತ್ತದೋ ಇಲ್ಲವೋ ಎಂಬುದಕ್ಕೆ ಸಂಬಂಧವಿದೆಯೇ? ನಮ್ಮ ಮಹಡಿಯ ಇತಿಹಾಸದಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡು ಅಡ್ವಾನ್ಸನ್ನೆಲ್ಲ ಅದರಲ್ಲೇ ಕರಗಿಸಿ ಹೋದವರು ಈ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಪಡೆದವರು. ಮನೆದೇವರೂ ನಮ್ಮದೇ. ಬಾಕಿ ಕೇಳಲು ಹೋದಾಗಲೆಲ್ಲ ಆ ದೇವರ ಪ್ರಸಾದ ಕೊಟ್ಟು ಕಳಿಸುತ್ತಿದ್ದರು. ಬೇರೆ ಧರ್ಮದ ಹೆಸರು ಹೇಳಿದವರಿಗೆ, ಒಂಟಿ ಹೆಣ್ಣುಮಗಳಿಗೆ, ಈಶಾನ್ಯದ ಕಡೆಯ ಹುಡುಗರಿಗೆ ಇದೇ ರಸ್ತೆಯಲ್ಲಿ ‘ಅಯ್ಯೋ, ಈಗ ತಾನೇ ಅಡ್ವಾನ್ಸ್ ಆಯ್ತಲ್ಲ’ ಎಂಬ ಉತ್ತರ ಸಿಗುತ್ತದೆ. ಬೋರ್ಡು ಮಾತ್ರ ಅಲ್ಲೇ ತೂಗಾಡುತ್ತಿರುತ್ತದೆ. ಇದರಲ್ಲಿ ನಗುವುದಕ್ಕೇನೂ ಇಲ್ಲ. ಬ್ಯಾಚುಲರುಗಳ ಸ್ಥಿತಿಯಲ್ಲಿ ನಗುವುದಕ್ಕಿದೆ: 1990ರ ‘ಗಣೇಶನ ಮದುವೆ’ ಸಿನಿಮಾದಲ್ಲಿ ವಠಾರದ ಓನರ್ ಮುಖ್ಯಮಂತ್ರಿ ಚಂದ್ರುವನ್ನು ಬಾಡಿಗೆದಾರ ಅನಂತನಾಗ್ ಗೋಳುಹೊಯ್ದುಕೊಂಡದ್ದನ್ನು ನೋಡಿ ಬಿದ್ದು ಬಿದ್ದು ನಕ್ಕ ನಮ್ಮ ಪೀಳಿಗೆಯೇ ಇವತ್ತು ‘ಬ್ಯಾಚುಲರ್ಸಿಗೆ ಇಲ್ಲ’ ಎಂದು ಬೋರ್ಡು ಬರೆಸುತ್ತಿರುವುದು.

ಮಗ ಹೇಳಿದ, ‘ಅಪ್ಪ, ಈಗೆಲ್ಲ ಡಾಕ್ಯುಮೆಂಟ್ಸು.’ ಸರಿ, ಆಧಾರ್ ಜೆರಾಕ್ಸು ಇಸಿದುಕೊಂಡೆವು. ಆಧಾರ್ ಚಿತ್ರವನ್ನು ಹೋಲುವ ಮನುಷ್ಯರು ಭೂಮಿಯ ಮೇಲೆ ಇಲ್ಲದಿರುವುದರಿಂದ ಜೆರಾಕ್ಸಿನಿಂದ ಏನೂ ತಿಳಿಯಲಿಲ್ಲ. ಕಾರ್ಡಿನ ಕ್ಯೂಆರ್ ಕೋಡನ್ನು ಸರ್ಕಾರದ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ; ಇದು ನಿಜಕ್ಕೂ ಉಪಯೋಗದ ಸಂಗತಿ, ಮಾಡಬೇಕು. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವುದೂ ಅಷ್ಟೇ. ಆಮೇಲೆ ಸಂಬಳದ ಚೀಟಿ. ಕೊನೆಗೆ ಸಿಬಿಲ್ ಸ್ಕೋರು. ಅದು 300ರಿಂದ 900ರವರೆಗೆ ಇರುತ್ತದಂತೆ. ಒಬ್ಬ ಹುಡುಗ ಎಂಟುನೂರು ಚಿಲ್ಲರೆ ತೋರಿಸಿದ. ನನಗೆ ಭಕ್ತಿ ಬಂತು. ನನ್ನ ಹೆಂಡತಿ ಕೇಳಿದಳು, ‘ಇದು ಬ್ಯಾಂಕಿನವರಿಗೆ ಕಟ್ಟಿದ್ದರ ಲೆಕ್ಕ ತಾನೆ? ಹಳೇ ಓನರ್‌ಗೆ ಬಾಕಿ ಇಟ್ಟಿದ್ರೆ ಇದರಲ್ಲಿ ಕಾಣುತ್ತಾ?’ ಸಾಮಾನ್ಯವಾಗಿ ಕಾಣುವುದಿಲ್ಲ. ಬ್ಯಾಂಕಿನ ಕಂತು ತಾನಾಗಿ ಖಾತೆಯಿಂದ ಹೋಗುತ್ತದೆ, ಬಾಡಿಗೆ ಮನಸ್ಸು ಬಂದರೆ ಹೋಗುತ್ತದೆ.

ಹಾಗಾದರೆ ಹಳೇ ಓನರನ್ನೇ ಕೇಳಿದರಾಯಿತು ಎಂದು ಫೋನು ಹಚ್ಚಿದೆ. ಈ ಫೋನಿನದು ಒಂದು ಪ್ರತ್ಯೇಕ ಶಾಸ್ತ್ರ.

‘ಬಂಗಾರದಂಥಾ ಜನ ಸಾರ್!’ ಎಂದರು ಅವರು, ನಾನು ಹೆಸರು ಪೂರ್ತಿ ಹೇಳುವ ಮೊದಲೇ. ‘ಇಂಥಾ ಟೆನೆಂಟು ನಿಮಗೆ ಸಿಗಲ್ಲ. ಬಾಡಿಗೆ ಕರೆಕ್ಟು. ಮಾತು ಕಮ್ಮಿ. ಯಾವತ್ತು ಬರ್ತಾರೆ ನಿಮ್ಮನೆಗೆ?’

‘ಇನ್ನೂ ಮಾತಾಡಿಲ್ಲ.’

‘ಮಾತೇನು ಸಾರ್ ಮಾತು, ಕಣ್ಣು ಮುಚ್ಚಿಕೊಂಡು ಕೊಡಿ. ಬೇಕಾದ್ರೆ ಸಾಮಾನು ಸಾಗಿಸೋಕೆ ನಮ್ಮ ಹುಡುಗನ ಟೆಂಪೋ ಕಳಿಸ್ತೀನಿ.’

ನಾನು ಫೋನಿಟ್ಟು ‘ಬಂಗಾರದಂಥವರಂತೆ’ ಎಂದೆ. ಒಳಗೆ ಹುರಳಿಕಾಯಿ ಸೋಸುತ್ತಿದ್ದವಳು ‘ಬಂಗಾರ ಯಾರಾದ್ರೂ ಟೆಂಪೋದಲ್ಲಿ ಹಾಕಿ ಕಳಿಸ್ತಾರಾ?’ ಎಂದಳು. ಇವತ್ತಿನ ಓನರು ಹೊಗಳುವುದು ಬಿಡುಗಡೆಗಾಗಿ; ಬೈದರೆ ಒಳ್ಳೆಯವರು ಬಿಟ್ಟುಹೋಗುತ್ತಾರೆಂಬ ಸಂಕಟಕ್ಕಾಗಿ. ಎರಡನ್ನೂ ನಂಬುವ ಹಾಗಿಲ್ಲ. ಕೇಳಬೇಕಾದದ್ದು ಅವರನ್ನಲ್ಲ, ಅವರಿಗಿಂತ ಹಿಂದಿನ ಓನರನ್ನು ಎಂಬುದು ಅವಳ ಸೂತ್ರ. ಆತನಿಗೆ ಈ ಜನದಿಂದ ಬರಬೇಕಾದದ್ದೂ ಇಲ್ಲ, ಕೊಡಬೇಕಾದದ್ದೂ ಇಲ್ಲ. ಮೊದಲು ನೆನಪು ಮಾಡಿಕೊಳ್ಳುತ್ತಾನೆ. ಆಮೇಲೆ ‘ಬಾಡಿಗೆ ಸರಿಯಾಗಿ ಕೊಡ್ತಿದ್ರು, ಆದ್ರೆ ಗೋಡೆಗೆ ಮೊಳೆ ಹೊಡೀತಾರೆ’ ಎಂದು ಒಂದೇ ಸಾಲು ಹೇಳುತ್ತಾನೆ. ಆ ಮೊಳೆಗಾಗಿಯೇ ನಾನು ಇಡೀ ಮಾತನ್ನು ನಂಬುತ್ತೇನೆ.

ಅಷ್ಟಕ್ಕೇ ಬಿಡುವವಳಲ್ಲ ಅವಳು. ಅಡ್ವಾನ್ಸು ತೆಗೆದುಕೊಳ್ಳುವ ಮೊದಲು, ಅವರು ಈಗಿರುವ ಮನೆಗೆ ಏನಾದರೂ ನೆಪ ಹುಡುಕಿ ಹೋಗಿಬರುತ್ತಾಳೆ. ‘ಈ ಕಡೆ ಬಂದಿದ್ವಿ, ಅಗ್ರಿಮೆಂಟಿಗೆ ನಿಮ್ಮ ತಂದೆ ಹೆಸರು ಬರೆಸಬೇಕಿತ್ತು’ ಎಂದು. ನಾನೂ ಜೊತೆಗೆ ಹೋಗಿದ್ದೇನೆ. ಅವಳು ಹಾಲ್ ನೋಡುವುದಿಲ್ಲ. ನೆಂಟರು ಬರುವ ಜಾಗ ಎಲ್ಲರದ್ದೂ ಚೆನ್ನಾಗಿರುತ್ತದೆ. ನೀರು ಕೇಳುತ್ತಾಳೆ, ಲೋಟ ಇಡುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಾಳೆ, ಸಿಂಕಿನ ಕೆಳಗೆ ಕಣ್ಣು ಹಾಯಿಸುತ್ತಾಳೆ. ಹಾಗೆ ಹೋದ ಒಂದು ಮನೆಯಲ್ಲಿ ಸಿಂಕಿನ ನಲ್ಲಿ ಸೋರುತ್ತಿತ್ತು. ನಲ್ಲಿಯ ಮೂತಿಗೆ ಬಿಳಿ ಬಟ್ಟೆಯ ಚೂರೊಂದನ್ನು ಬಿಗಿದು, ಅದರ ತುದಿಯನ್ನು ಕೆಳಗಿನ ಪಾತ್ರೆಯವರೆಗೆ ಇಳಿಬಿಟ್ಟಿದ್ದರು. ನೀರು ಟಪ್ ಟಪ್ ಎನ್ನದೆ ಬಟ್ಟೆಯ ಗುಂಟ ಇಳಿದು ಪಾತ್ರೆ ಸೇರುತ್ತಿತ್ತು. ಆ ಪಾತ್ರೆಯ ನೀರು ಪಕ್ಕದ ತುಳಸಿ ಗಿಡಕ್ಕೆ ಎಂದು ಆ ಮನೆಯಾಕೆ ಹೇಳಿದರಂತೆ.

ಆಟೋದಲ್ಲಿ ಬರುವಾಗ ಇದರ ಮೇಲೆ ನಮ್ಮಿಬ್ಬರಿಗೆ ದೊಡ್ಡ ವಾದ. ‘ಹತ್ತು ರೂಪಾಯಿ ವಾಷರ್ ಹಾಕಿಸದೆ ಬಟ್ಟೆ ಕಟ್ಟಿದವರು ನಮ್ಮ ಮನೆ ನಲ್ಲಿಗೂ ಕಟ್ಟುತ್ತಾರೆ’ ಎಂದು ನಾನು. ‘ವಾಷರ್ ಹಾಕಿಸಬೇಕಾದವನು ಓನರು. ಅವನು ಹಾಕಿಸಿಲ್ಲ. ಇವರು ಜಗಳ ಆಡದೆ, ನೀರೂ ಪೋಲು ಮಾಡದೆ ದಾರಿ ಕಂಡುಕೊಂಡಿದ್ದಾರೆ. ಇಂಥವರೇ ಬೇಕು’ ಎಂದು ಅವಳು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್ಲುಗಳು ಬತ್ತಿ ಜನ ಟ್ಯಾಂಕರಿನ ಹಿಂದೆ ಓಡಿದಾಗ ನಮ್ಮ ಮಹಡಿಯಲ್ಲಿದ್ದವರು ಆ ಬಟ್ಟೆಯವರೇ. ವಾದದಲ್ಲಿ ಗೆದ್ದವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮುಂಜಾಗ್ರತೆ ಏಕೆಂದು ಕೇಳುವವರು ಕಾನೂನಿನ ಕಡೆ ಸ್ವಲ್ಪ ನೋಡಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಓಡಾಟ ತಪ್ಪಿಸಲು ನಾವೆಲ್ಲ ಹನ್ನೊಂದು ತಿಂಗಳಿಗೆ ಅಗ್ರಿಮೆಂಟು ಬರೆಸುತ್ತೇವೆ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ದುಡ್ಡಿಗೆ ಇವತ್ತು ನಮ್ಮ ಏರಿಯಾದಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ಡು ಸಿಕ್ಕರೆ ಪುಣ್ಯ. ಹಾಗಾಗಿ ಮೊಬೈಲಿನಲ್ಲಿ ಬಾಡಿಗೆ ಕಳಿಸುವ ಹುಡುಗನಿಗೂ ನನಗೂ ತಕರಾರಾದರೆ ಮೊರೆಹೋಗಬೇಕಾದದ್ದು ವಿಕ್ಟೋರಿಯಾ ರಾಣಿಯ ಕಾಲದ, 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ. ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಸಿಂಕಿನ ಕೆಳಗೆ ಬಗ್ಗಿ ನೋಡುವುದು ಅಗ್ಗ.

ಇತ್ತೀಚೆಗೆ ನಾನು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದ್ದೇನೆ. ಬಂದವರು ಏನು ಕೇಳುತ್ತಾರೆ ಎಂಬುದರ ಮೇಲೆ ಕಿವಿ. ‘ಮನೆ ತುಂಬಾ ಚೆನ್ನಾಗಿದೆ ಅಂಕಲ್, ಬಾಡಿಗೆ ನೀವು ಹೇಳಿದಷ್ಟೇ ಇರಲಿ’ ಎನ್ನುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಕೊಡುವ ಉದ್ದೇಶ ಇಲ್ಲದವನು ಎಷ್ಟಕ್ಕಾದರೂ ಒಪ್ಪುತ್ತಾನೆ. ಐನೂರು ಕಡಿಮೆ ಮಾಡಿ ಎಂದು ಅರ್ಧ ಗಂಟೆ ಜಗ್ಗಾಡುವವನು ಆ ದುಡ್ಡು ಪ್ರತಿ ತಿಂಗಳೂ ತನ್ನ ಜೇಬಿನಿಂದ ಹೋಗುವುದನ್ನು ಆಗಲೇ ಕಣ್ಣಾರೆ ಕಂಡಿರುತ್ತಾನೆ. ಕಾವೇರಿ ನೀರು ಯಾವ ದಿನ ಬಿಡುತ್ತಾರೆ, ಸಂಪು ಎಷ್ಟು ಲೀಟರಿನದು, ಹಸಿ ಕಸ ಒಣ ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವವರು ಇರಲಿಕ್ಕೆ ಬಂದವರು. 2023ರಲ್ಲಿ ಗೃಹಜ್ಯೋತಿ ಬಂದಮೇಲಂತೂ ಜನ ದೇವರಮನೆಗಿಂತ ಮೊದಲು ಮೀಟರ್ ಬೋರ್ಡು ನೋಡುತ್ತಾರೆ. 200 ಯೂನಿಟ್‌ವರೆಗಿನ ಕರೆಂಟು ಬಿಟ್ಟಿ ಸಿಗಬೇಕಾದರೆ ಮಹಡಿಗೆ ಬೇರೆ ಮೀಟರ್ ಇರಬೇಕಲ್ಲ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಆಫೀಸಿನಲ್ಲಿ ಮನೆಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ಓನರ್‌ನ ಪ್ಯಾನ್ ನಂಬರು ಕೊಡಬೇಕು ಎಂದು ಕೇಳುವವರೂ ಇದ್ದಾರೆ. ಬಂದವರ ಏಳು ತಲೆಮಾರು ಜಾಲಾಡುವ ನಮ್ಮ ಎದುರು ಮನೆಯವರು, ತಮ್ಮ ಪ್ಯಾನ್ ಕೇಳಿದ ಕೂಡಲೇ ‘ಮನೆ ನಮ್ಮ ಭಾವಮೈದುನನಿಗೆ ಬೇಕಂತೆ’ ಎಂದುಬಿಡುತ್ತಾರೆ.

ಕಳೆದ ಶ್ರಾವಣದಲ್ಲಿ ಒಬ್ಬ ಹೆಣ್ಣುಮಗಳು ತಾಯಿಯನ್ನು ಕರೆದುಕೊಂಡು ಬಂದಳು. ಇಬ್ಬರೂ ಮನೆಯನ್ನು ಹೊಗಳಲಿಲ್ಲ. ತಾಯಿ ಬಚ್ಚಲಿನ ನೀರು ಹೋಗುವ ತೂತಿಗೆ ಒಂದು ಚೊಂಬು ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡಿದರು. ನನ್ನ ಹೆಂಡತಿಯ ಮುಖ ಅರಳಿತು. ಮಗಳು ಕೆಳಗಿಳಿದು ಬಂದು, ‘ಅಂಕಲ್, ನಿಮ್ಮ ಹಳೇ ಟೆನೆಂಟ್ ನಂಬರ್ ಕೊಡ್ತೀರಾ, ಮಾತಾಡಬೇಕು’ ಎಂದಳು. ಬೆತ್ತದ ಕುರ್ಚಿಯಲ್ಲಿ ನಾನು ಸ್ವಲ್ಪ ಸರಿದು ಕೂತೆ. ಈಚೆಗೆ ಬಿಟ್ಟುಹೋದವರ ನಂಬರು ಹೇಳತೊಡಗಿದೆ.

‘ಅವರದಲ್ಲ ಅಂಕಲ್. ಅವರ ಅಡ್ವಾನ್ಸು ಇನ್ನೂ ನಿಮ್ಮ ಹತ್ತಿರ ಇರಬಹುದು, ನಿಜ ಹೇಳಲ್ಲ. ಅವರಿಗಿಂತ ಮುಂಚೆ ಇದ್ದವರದು ಕೊಡಿ.’

ಹೆಂಡತಿ ಒಳಗಿನಿಂದ ಡೈರಿ ತಂದು, ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಬಟ್ಟೆ ಕಟ್ಟಿದ ನಲ್ಲಿಯವರ ನಂಬರನ್ನೇ ಕೊಟ್ಟುಬಿಟ್ಟಳು. ಮಾರನೆಯ ದಿನ ಆ ಹುಡುಗಿ ಬಂದು ವರದಿ ಒಪ್ಪಿಸಿದಳು. ಜನ ಒಳ್ಳೆಯವರಂತೆ, ಅಡ್ವಾನ್ಸು ವಾಪಸು ಕೊಟ್ಟರಂತೆ. ಆದರೆ ಓನರು ರಾತ್ರಿ ಹತ್ತಕ್ಕೇ ಗೇಟಿಗೆ ಬೀಗ ಜಡಿಯುತ್ತಾರಂತೆ. ಮೋಟಾರು ಹಾಕಿ ಮರೆತು ಮಲಗಿಬಿಡುತ್ತಾರಂತೆ, ಟ್ಯಾಂಕು ತುಂಬಿ ಮೇಲಿನ ಮನೆಯ ಕಿಟಕಿಗೆ ನೀರು ಸುರಿಯುತ್ತದಂತೆ. ಅವಳ ಕಡೆಯಿಂದ ಎರಡು ಷರತ್ತು: ಗೇಟಿನ ಬೀಗದ ಕೈ ಒಂದು ತಮ್ಮ ಹತ್ತಿರ ಇರಬೇಕು, ಮೋಟಾರಿನ ಸ್ವಿಚ್ಚು ಮೇಲಕ್ಕೆ ಬರಬೇಕು. ಜೊತೆಗೆ ಬಾಡಿಗೆಯಲ್ಲಿ ಐನೂರು ಕಡಿಮೆ.

ನಾನು ‘ಯೋಚನೆ ಮಾಡಿ ಹೇಳ್ತೀನಿ’ ಎಂದೆ. ಹೆಂಡತಿ ‘ಶುಕ್ರವಾರ ಹಾಲುಕ್ಕಿಸಿಬಿಡಿ’ ಎಂದಳು. ಗುರುವಾರ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚು ಬದಲಾಯಿಸಿದ. ಅದರ ಖರ್ಚು ಓನರ್‌ದೇ ಎಂದು ಅಗ್ರಿಮೆಂಟಿನಲ್ಲಿ ಅವರೇ ಬರೆಸಿಕೊಂಡಿದ್ದಾರೆ.